ಸಂಗ್ರಹಾಲಯಗಳ ಪ್ರವಾಸ ಮತ್ತು ಮಲೆನಾಡಿನ ಅಟ್ಟಗಳು

(ಮೈಸೂರಿನ ಸಿದ್ಧಾರ್ಥನಗರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಲೆನಾಡಿನ ಶಾಲೆಗಳಿಂದ ಮೈಸೂರಿಗೆ ಬರುವ ಪ್ರವಾಸದ ಬಸ್ಸುಗಳಿಗೆ ಒಂದು ನಿಶ್ಚಿತ ದಾರಿಯಿದೆ. ಬೆಳಿಗ್ಗೆ ಚಾಮುಂಡಿಬೆಟ್ಟ, ಆಮೇಲೆ ಅರಮನೆ, ಮಧ್ಯಾಹ್ನ ಮೃಗಾಲಯ, ಸಂಜೆಗೆ ಕನ್ನಂಬಾಡಿಯ ಬೃಂದಾವನ. ಬೆಟ್ಟದಿಂದ ಇಳಿದು ಮೃಗಾಲಯ ಸೇರುವ ಅವಸರದಲ್ಲಿ ಸಿದ್ಧಾರ್ಥನಗರದ ಪ್ರಾದೇಶಿಕ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ ಅನೇಕ ಬಸ್ಸುಗಳ ಪಟ್ಟಿಯಿಂದ ಬಿಟ್ಟುಹೋಗುತ್ತದೆ. 1995ರ ಮೇ 20ರಂದು ಉದ್ಘಾಟನೆಗೊಂಡ, ಕೇಂದ್ರ ಪರಿಸರ ಸಚಿವಾಲಯಕ್ಕೆ ಸೇರಿದ ಈ ಸಂಸ್ಥೆ ನರಸೀಪುರ ರಸ್ತೆಯ ಬದಿಗೆ, ಕಾರಂಜಿ ಕೆರೆಯ ಅಂಚಿನಲ್ಲಿದೆ. ದಕ್ಷಿಣ ಭಾರತದ ಕಾಡು, ಹುಲ್ಲುಗಾವಲು, ಜೀವಿಗಳ ವೈವಿಧ್ಯ, ಭೂಮಿಯ ಮೇಲಿನ ಜೀವವಿಕಾಸದ ಕಥೆ ಇವೆಲ್ಲವನ್ನೂ ಮಾದರಿಗಳ ಮೂಲಕ ತೋರಿಸುವ ಉದ್ದೇಶ ಅದರದು. ಪಶ್ಚಿಮಘಟ್ಟದ ಮಗುವೊಂದು ತನ್ನ ಮನೆಯ ಹಿಂದಿನ ಕಾಡನ್ನು ಮೊದಲ ಬಾರಿಗೆ ಹೆಸರು ಹಿಡಿದು ಗುರುತಿಸುವುದು ಇಲ್ಲಿಯ ಗಾಜಿನ ಮುಂದೆ ಆದರೂ ಆಶ್ಚರ್ಯವಿಲ್ಲ.

ಈ ಸಂಗ್ರಹಾಲಯಕ್ಕೆ ಬರುವವರು ಒಳಗೆ ಹೋಗುವ ಮುನ್ನ ಹೊರಗಿನ ನೀರನ್ನು ಒಂದು ಗಳಿಗೆ ನೋಡುವುದು ಒಳ್ಳೆಯದು. ಕಾರಂಜಿ ಕೆರೆ ಮನುಷ್ಯರು ಕಟ್ಟಿದ್ದು. ಅಂಗಳವೂ ಸೇರಿ ಸುಮಾರು 90 ಹೆಕ್ಟೇರ್ ವಿಸ್ತಾರದ ಈ ಜಾಗ ಮೃಗಾಲಯದ ಆಡಳಿತದಲ್ಲಿದೆ. ನಗರದ ಕೊಳಚೆ ಸೇರಿ ಹಾಳಾಗಿದ್ದ ಕೆರೆಯನ್ನು ಶುಚಿಗೊಳಿಸಿ ಮತ್ತೆ ಹಕ್ಕಿಗಳಿಗೆ, ಜನರಿಗೆ ಒಪ್ಪಿಸಲಾಯಿತು. ಈಗ ಅಲ್ಲಿ ಬಕ, ಕೊಕ್ಕರೆ, ನೀರುಕಾಗೆಗಳನ್ನು ನೋಡುವವರು ಅದನ್ನು ಪ್ರಕೃತಿ ಎನ್ನುತ್ತಾರೆ. ಏರಿ, ತೂಬು, ಕೋಡಿಗಳನ್ನು ನೋಡುವವರಿಗೆ ಅದು ಇತಿಹಾಸ. ಎರಡೂ ನಿಜವಾಗಿರುವುದರಿಂದ ಸಂಗ್ರಹಾಲಯಗಳ ವಿಂಗಡಣೆಗೆ ಇಲ್ಲಿಯೇ ಮೊದಲ ತೊಡಕು ಎದುರಾಗುತ್ತದೆ.

ಕರ್ನಾಟಕದ ಸಂಗ್ರಹಾಲಯಗಳು ಸಾಮಾನ್ಯವಾಗಿ ಮೂರು ಬಗೆ. ರಾಜರ ಶಿಲ್ಪ, ಶಾಸನ, ಆಯುಧ, ಚಿತ್ರಗಳಿಗೆ ಒಂದು. ಪ್ರಾಣಿ, ಸಸ್ಯ, ಶಿಲೆಗಳಿಗೆ ಇನ್ನೊಂದು. ಬುಟ್ಟಿ, ಬೊಂಬೆ, ನೇಗಿಲುಗಳಿಗೆ ಮತ್ತೊಂದು. ಹೀಗೆ ಹಂಚಿದ್ದು ಆಡಳಿತದ ಇಲಾಖೆಗಳೇ ಹೊರತು ಹಿಂದಿನ ಬದುಕಲ್ಲ. ಹಾಗಿದ್ದರೆ ಭತ್ತದ ಗದ್ದೆಯನ್ನು ಯಾವ ಕೋಣೆಯಲ್ಲಿ ಇಡಬೇಕು? ಅದು ರಾಜನ ಕಂದಾಯದ ಮೂಲ, ಏಡಿ ಮೀನು ಕಪ್ಪೆಗಳ ನೆಲೆ, ಜನಪದ ಹಾಡಿನ ಹುಟ್ಟುಸ್ಥಳ. ಮೂರು ಕೋಣೆಗಳಿಗೂ ಸೇರಬೇಕಾದ ಗದ್ದೆ ಯಾವ ಕೋಣೆಯಲ್ಲಿಯೂ ಸರಿಯಾಗಿ ಸಿಗುವುದಿಲ್ಲ. ಪ್ರಪಂಚದ ಬಹುತೇಕ ನಿಸರ್ಗ ಸಂಗ್ರಹಾಲಯಗಳು ಕಾಡಿನ ಮಾದರಿ ಮಾಡುವಾಗ ಅಲ್ಲಿ ಬಾಳುವ ಮನುಷ್ಯನನ್ನು ಹೊರಗಿಟ್ಟವು. ಅರಮನೆಗಳ ಸಂಗ್ರಹಾಲಯಗಳು ಸಿಂಹಾಸನವನ್ನು ಇರಿಸುವಾಗ ಅದನ್ನು ಹೊತ್ತ ಮಣ್ಣನ್ನು ಹೊರಗಿಟ್ಟವು. ನೋಡುವವರು ತಾವೇ ಈ ಕೋಣೆಗಳ ನಡುವಿನ ಬಾಗಿಲುಗಳನ್ನು ತೆರೆದುಕೊಳ್ಳಬೇಕಾಗುತ್ತದೆ. ಅದಕ್ಕೆ ಮೈಸೂರಿನಷ್ಟು ಅನುಕೂಲವಾದ ಊರು ಮತ್ತೊಂದಿಲ್ಲ.

ಹಲ್ಮಿಡಿ ಶಾಸನದ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಈ ಶಿಲೆಯ ಕಾಲವನ್ನು ಸುಮಾರು ಕ್ರಿ.ಶ. 450 ಎಂದು ಹೇಳುವುದು ವಾಡಿಕೆ. ಮೂಲ ಶಿಲೆ ಮೈಸೂರಿನಲ್ಲಿ ಪುರಾತತ್ತ್ವ ಇಲಾಖೆಯ ವಶದಲ್ಲಿದೆ. ಊರಿನಲ್ಲಿರುವುದು ಅದರ ಪ್ರತಿಕೃತಿ. ಕನ್ನಡದ ಮೊದಲ ಶಾಸನವೆಂಬ ಹೆಮ್ಮೆಯಿಂದ ಅದರ ಮುಂದೆ ನಿಲ್ಲುವವರು ಬಹಳ. ಆ ಹದಿನಾರು ಸಾಲುಗಳೊಳಗೆ ‘ಗೞ್ದೆ’ ಎಂಬ ಒಂದು ಪದವಿದೆಯೆಂಬುದನ್ನು ಗಮನಿಸುವವರು ಕಡಿಮೆ. ಅದು ಇಂದಿನ ಗದ್ದೆ. ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ಬೇಲೂರಿನ ಸೀಮೆಯಲ್ಲಿ ಗದ್ದೆಯೆಂಬುದು ದಾನಶಾಸನದಲ್ಲಿ ನಮೂದಿಸುವಷ್ಟು ಸ್ಪಷ್ಟವಾದ ಆಸ್ತಿಯಾಗಿತ್ತು. ಗದ್ದೆ ಇದ್ದರೆ ಬದು ಇತ್ತು, ನೀರು ತಿರುಗಿಸುವ ವ್ಯವಸ್ಥೆ ಇತ್ತು, ನೀರು ಹಂಚುವ ಒಪ್ಪಂದವೂ ಇದ್ದಿರಬೇಕು. ಭಾಷೆಯ ಪ್ರಾಚೀನತೆಗೆ ಸಾಕ್ಷಿಯಾದ ಕಲ್ಲು ಬೇಸಾಯದ ಪ್ರಾಚೀನತೆಗೂ ಸಾಕ್ಷಿ. ಆದರೆ ಮೊದಲನೆಯದಕ್ಕೆ ಮಂಟಪ ಎದ್ದಿತು, ಎರಡನೆಯದು ಒಂದು ಅಡಿಟಿಪ್ಪಣಿಯಾಗಿಯೂ ಜನರಿಗೆ ತಲುಪಲಿಲ್ಲ.

1891ರಲ್ಲಿ ಸ್ಥಾಪನೆಯಾದ ಪ್ರಾಚ್ಯವಿದ್ಯಾ ಸಂಶೋಧನಾಲಯದ್ದೂ ಇದೇ ಕಥೆ. ತಂಜಾವೂರು ಪ್ರಾಂತ್ಯದ ಪಂಡಿತರೊಬ್ಬರು ಒಪ್ಪಿಸಿದ ತಾಳೆಗರಿಯ ಕಟ್ಟಿನಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಮುದ್ರಿಸಿದರು. ರಾಜನೀತಿಯ ಗ್ರಂಥವೆಂದು ಲೋಕಪ್ರಸಿದ್ಧವಾದ ಈ ಕೃತಿಯಲ್ಲಿ ಬೇಸಾಯದ ಅಧಿಕಾರಿಯಾದ ‘ಸೀತಾಧ್ಯಕ್ಷ’ನ ಕರ್ತವ್ಯಗಳಿಗೆ ಒಂದು ಪೂರ್ಣ ಅಧ್ಯಾಯವೇ ಇದೆ. ಒಣ ನಾಡಿಗೆ ಹದಿನಾರು ದ್ರೋಣ, ತೇವದ ನಾಡಿಗೆ ಅದರ ಒಂದೂವರೆ ಪಟ್ಟು ಎಂದು ಮಳೆಯ ಪ್ರಮಾಣವನ್ನು ಅಲ್ಲಿ ಅಳತೆಯಲ್ಲಿ ಹೇಳಿದೆ. ಧಾನ್ಯದ ಬೀಜವನ್ನು ಬಿತ್ತುವ ಮುನ್ನ ಏಳು ರಾತ್ರಿ ಇಬ್ಬನಿಗೆ, ಹಗಲು ಬಿಸಿಲಿಗೆ ಒಡ್ಡುವ ವಿಧಾನವೂ ಇದೆ. ಉಗ್ರಾಣದಲ್ಲಿ ಮಳೆಯಳೆಯುವ ಪಾತ್ರೆ ಇರಿಸಬೇಕೆಂಬ ಆ ವಿವೇಕ, ಆಗುಂಬೆಯ ಸುತ್ತಮುತ್ತ ಮನೆಯಂಗಳದಲ್ಲಿಯೇ ಮಳೆಯ ಲೆಕ್ಕ ಬರೆದಿಡುವ ಇಂದಿನ ತೋಟಗಾರರಿಗೆ ಹೊಸದೇನೂ ಅನ್ನಿಸಲಾರದು.

ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ 1968ರಲ್ಲಿ ರೂಪುಗೊಂಡ ಜಾನಪದ ವಸ್ತುಸಂಗ್ರಹಾಲಯ ಮೂರನೆಯ ಕೋಣೆ. ಆರು ಸಾವಿರಕ್ಕೂ ಹೆಚ್ಚು ವಸ್ತುಗಳ ಆ ಸಂಗ್ರಹ ಒಂದು ವಿಶ್ವವಿದ್ಯಾನಿಲಯ ಮಾಡಿದ ದೊಡ್ಡ ಕೆಲಸ. ಹಳ್ಳಿಹಳ್ಳಿ ಅಲೆದು, ಬೀದಿಗೆ ಬೀಳಲಿದ್ದ ತೊಗಲುಬೊಂಬೆ, ಭೂತದ ಪರಿಕರ, ಬೇಸಾಯದ ಸಲಕರಣೆಗಳನ್ನು ಅವರು ತರದಿದ್ದರೆ ಇಂದು ಅವುಗಳ ಚಿತ್ರವೂ ಉಳಿಯುತ್ತಿರಲಿಲ್ಲ. ಅರಸುಮನೆತನದ ಮಗಳಿಗಾಗಿ 1905ರಲ್ಲಿ ಕಟ್ಟಿದ ಆ ಕಟ್ಟಡ ಕಾಲಕಾಲಕ್ಕೆ ದುರಸ್ತಿಯನ್ನು ಬೇಡುತ್ತಲೇ ಬಂದಿದೆ. ಹೋಗುವವರು ತೆರೆದಿದೆಯೇ ಎಂದು ಮೊದಲು ವಿಚಾರಿಸುವುದು ಲೇಸು. ಇದರೊಡನೆ ವೆಲ್ಲಿಂಗ್ಟನ್ ಭವನದಲ್ಲಿರುವ ಇಂದಿರಾಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ಕೇಂದ್ರವನ್ನೂ ಸೇರಿಸಿಕೊಳ್ಳಬಹುದು.

ಮೈಸೂರಿಗೆ ಮತ್ತೊಂದು ಸಂಗ್ರಹದ ಪರಂಪರೆಯೂ ಇತ್ತು. ವ್ಯಾನ್ ಇಂಗೆನ್ ಕುಟುಂಬದ ಚರ್ಮಪ್ರಸಾಧನದ ಕಾರ್ಖಾನೆ ಬೇಟೆಯಾಡಿದ ಹುಲಿ, ಚಿರತೆ, ಕಾಟಿಗಳನ್ನು ಜೀವಂತವಿದ್ದಂತೆ ತುಂಬಿ ನಿಲ್ಲಿಸಿ ಜಗತ್ತಿನ ಅರಮನೆಗಳಿಗೆಲ್ಲ ಕಳುಹಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಕಸುಬು ಕುಗ್ಗಿ 1999ರಲ್ಲಿ ಅದು ಮುಚ್ಚಿತು. ಮಲೆನಾಡಿನ ಎಷ್ಟೋ ಹುಲಿಗಳು ಈಗ ಇರುವುದು ಹೊರನಾಡಿನ ಗೋಡೆಗಳ ಮೇಲೆ. ಸಂಗ್ರಹಿಸುವುದೆಂದರೆ ಉಳಿಸುವುದೇ ಎಂದು ನಂಬುವವರು ಈ ಕಾರ್ಖಾನೆಯನ್ನು ನೆನೆಯಬೇಕು.

ಈಗ ಮೈಸೂರನ್ನು ಬಿಟ್ಟು ಮಲೆಯ ಕಡೆಗೆ ಹತ್ತುವ.

ಶಿವಮೊಗ್ಗದಲ್ಲಿ ತುಂಗೆಯ ಸಮೀಪದ ಶಿವಪ್ಪನಾಯಕನ ಅರಮನೆ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ವೀರಗಲ್ಲು, ಮಾಸ್ತಿಕಲ್ಲು, ಶಿಲ್ಪಗಳು ಅಲ್ಲಿವೆ. ಮರದ ಕಂಬಗಳ ಆ ದರ್ಬಾರು ಸಭಾಂಗಣವನ್ನು ಬೆರಗಿನಿಂದ ನೋಡುವವರು, 1645ರಿಂದ 1660ರವರೆಗೆ ಕೆಳದಿಯನ್ನು ಆಳಿದ ಆ ನಾಯಕನ ‘ಶಿಸ್ತು’ ಏನೆಂಬುದನ್ನು ನೆನೆಯುವುದು ವಿರಳ. ಮೈಸೂರು ಗೆಜೆಟಿಯರ್ ದಾಖಲಿಸಿರುವಂತೆ, ಶಿವಪ್ಪನಾಯಕನು ಪ್ರತಿ ಊರಿನಲ್ಲಿಯೂ ಒಂದೊಂದು ಬಗೆಯ ಭೂಮಿಗೆ ಒಂದೊಂದು ಗದ್ದೆಯನ್ನು ಆರಿಸಿ, ಹನ್ನೆರಡು ವರ್ಷ ಸರ್ಕಾರದ ಲೆಕ್ಕದಲ್ಲಿ ಬೇಸಾಯ ಮಾಡಿಸಿದ. ಬಿತ್ತಿದ ಬೀಜವೆಷ್ಟು, ಖರ್ಚೆಷ್ಟು, ಬಂದ ಫಸಲೆಷ್ಟು, ಬೆಲೆಯೆಷ್ಟು ಎಂಬುದನ್ನೆಲ್ಲ ಬರೆಸಿದ. ಹನ್ನೆರಡು ವರ್ಷಗಳ ಸರಾಸರಿಯ ಮೇಲೆ ಹುಟ್ಟುವಳಿಯ ಮೂರನೆಯ ಒಂದು ಭಾಗವನ್ನು ಕಂದಾಯವೆಂದು ಗೊತ್ತುಮಾಡಿದ. ಒಂದು ಮಳೆಗಾಲ ಅತಿವೃಷ್ಟಿ, ಇನ್ನೊಂದು ಅನಾವೃಷ್ಟಿಯಾಗುವ ಮಲೆನಾಡಿನಲ್ಲಿ ಒಂದೆರಡು ವರ್ಷದ ಇಳುವರಿಯನ್ನು ನಂಬಿ ತೀರ್ಮಾನಕ್ಕೆ ಬರಬಾರದೆಂಬುದು ಕೃಷಿ ಸಂಶೋಧನೆಯ ಮೊದಲ ಪಾಠ. ಇಂದು ಮೂರು ಹಂಗಾಮಿನ ಪ್ರಯೋಗದ ಮೇಲೆಯೇ ತಳಿಗಳ ಶಿಫಾರಸು ಹೊರಡುವ ಕಾಲದಲ್ಲಿ ಈ ಹನ್ನೆರಡು ವರ್ಷಗಳ ತಾಳ್ಮೆ ಅರಮನೆಯ ಕಂಬಗಳಿಗಿಂತ ಹೆಚ್ಚಿನ ಪರಂಪರೆ. ಅದರ ಹಿಂದೆ ಖಜಾನೆಯ ಆಸೆಯೂ ಇತ್ತೆನ್ನುವುದು ಬೇರೆ ಮಾತು. ರಾಜರು ಗದ್ದೆಗೆ ಇಳಿಯುವುದು ಸುಮ್ಮನೆ ಅಲ್ಲ.

ಶಿಕಾರಿಪುರ ತಾಲ್ಲೂಕಿನ ತಾಳಗುಂದ ಮುಂದಿನ ನಿಲುಗಡೆ. ಪ್ರಣವೇಶ್ವರ ದೇಗುಲದ ಎದುರಿನ ಸ್ತಂಭಶಾಸನ ಕದಂಬರ ಮೂಲಕಥೆಗೆ ಆಧಾರ: ಮಯೂರಶರ್ಮ ಕಂಚಿಗೆ ಹೋದದ್ದು, ಅವಮಾನಗೊಂಡದ್ದು, ಕತ್ತಿ ಹಿಡಿದದ್ದು. ಪಠ್ಯಪುಸ್ತಕಗಳೆಲ್ಲ ಇಷ್ಟಕ್ಕೆ ನಿಲ್ಲುತ್ತವೆ. ಆದರೆ ಕವಿ ಕುಬ್ಜ ರಚಿಸಿದ ಆ ಸಂಸ್ಕೃತ ಶಾಸನ ಹುಟ್ಟಿದ್ದು ಒಂದು ಕೆರೆಯ ನಿಮಿತ್ತದಿಂದ. ದೇಗುಲದ ಬಳಿ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯನ್ನು ದಾಖಲಿಸುವುದಕ್ಕಾಗಿ, ಆತನ ಮಗ ಶಾಂತಿವರ್ಮನ ಕಾಲದಲ್ಲಿ ಅದನ್ನು ಕೆತ್ತಲಾಯಿತು. ಮನೆಯ ಬಳಿ ಬೆಳೆದ ಕದಂಬ ಮರವನ್ನು ಪೋಷಿಸಿದ ಕಾರಣಕ್ಕೆ ಆ ಕುಲಕ್ಕೆ ಕದಂಬರೆಂಬ ಹೆಸರು ಬಂದಿತೆಂದೂ ಅದರಲ್ಲಿದೆ. ಒಂದು ಮರದ ಹೆಸರು, ಒಂದು ಕೆರೆಯ ಲೆಕ್ಕ: ಕನ್ನಡನಾಡಿನ ಮೊದಲ ರಾಜವಂಶದ ಚರಿತ್ರೆ ಇವೆರಡರ ನಡುವೆ ಕೆತ್ತಿಕೊಂಡು ಬಂದಿದೆ. ಇತ್ತೀಚಿನ ದಶಕದಲ್ಲಿ ಅಲ್ಲಿಯೇ ದೊರೆತ ಸಿಂಹಕಟಾಂಜನ ಶಾಸನವನ್ನು ಕ್ರಿ.ಶ. 370ರದೆಂದು ಪುರಾತತ್ತ್ವಜ್ಞರು ಗುರುತಿಸಿದಾಗ ಚರ್ಚೆಯೆಲ್ಲ ಹಲ್ಮಿಡಿಗಿಂತ ಹಳೆಯದೇ ಎಂಬುದರ ಸುತ್ತ ನಡೆಯಿತು. ಕೆರೆಯ ಹೂಳಿನ ಬಗ್ಗೆ ಅಷ್ಟು ಉತ್ಸಾಹದ ಚರ್ಚೆ ಕೇಳಿಬರಲಿಲ್ಲ.

ಕೆಳದಿಯಲ್ಲಿ ರಾಮೇಶ್ವರ, ವೀರಭದ್ರ ದೇಗುಲಗಳ ಜೊತೆಗೆ ಗುಂಡಾ ಜೋಯಿಸರು ಕಟ್ಟಿದ ವಸ್ತುಸಂಗ್ರಹಾಲಯವಿದೆ. ತಾಳೆಗರಿ, ತಾಮ್ರಪಟ, ಕಡತಗಳ ಆ ಸಂಗ್ರಹ ಈಗ ಕುವೆಂಪು ವಿಶ್ವವಿದ್ಯಾಲಯದ್ದು. ಒಬ್ಬ ವಿದ್ವಾಂಸರ ಹಟದಿಂದ ಒಂದು ಸಣ್ಣ ಊರಿನಲ್ಲಿ ಎಷ್ಟು ಕಾಗದ ಉಳಿಯಬಹುದೆಂಬುದಕ್ಕೆ ಅದು ನಿದರ್ಶನ. ಇದೇ ಇಕ್ಕೇರಿ, ಬನವಾಸಿ, ಸೋದೆಗಳ ಸೀಮೆಯಲ್ಲಿ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1801ರಲ್ಲಿ ಹಾದುಹೋದ. ವೆಲ್ಲೆಸ್ಲಿಯ ಆಜ್ಞೆಯಂತೆ, ಕಂಪೆನಿಯ ಲಾಭಕ್ಕಾಗಿ ಬಂದವನು ಆತ, ಅದನ್ನು ಮರೆಯಬೇಕಿಲ್ಲ. ಆದರೆ ಅಡಕೆ ತೋಟಕ್ಕೆ ಯಾವ ಮಣ್ಣು, ಮೆಣಸಿನ ಬಳ್ಳಿಗೆ ಯಾವ ಮರ, ಎಷ್ಟು ಬೀಜಕ್ಕೆ ಎಷ್ಟು ಭತ್ತ, ಸ್ಥಳೀಯರು ಯಾವುದನ್ನು ಏನೆಂದು ಕರೆಯುತ್ತಾರೆ ಎಂಬುದನ್ನೆಲ್ಲ ಊರೂರಿಗೆ ವಿಚಾರಿಸಿ ಬರೆದುಕೊಂಡ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ಬರಹದಲ್ಲಿ ವಸ್ತುವಿಗಿಂತ ಅದರ ವಿವರಕ್ಕೆ ಬೆಲೆ. ಹೀಗೆ ಬರೆಯುವ ಅಭ್ಯಾಸವನ್ನು ಊರಿನವರಿಗಿಂತ ಮೊದಲು ಊರನ್ನು ಕೊಳ್ಳಲು ಬಂದವರು ಮಾಡಿದರೆಂಬುದು ವಿಷಾದದ ಸಂಗತಿ.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆಗೆ ಹೋದವರಿಗೆ ಒಂದು ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ. ಅಲ್ಲಿಯ ಪಾತ್ರೆಪಡಗ, ಬೇಸಾಯದ ಸಾಮಾನುಗಳು ಅವು ಬಳಕೆಯಾದ ಬಗೆಯ ಮನೆಯಲ್ಲಿಯೇ ಇವೆ. ಅಂಗಳದಿಂದ ಕಣ್ಣೆತ್ತಿದರೆ ಕಾಡು ಎದುರಿಗೇ ಇದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಸಿದ್ಧವಾಗಿದ್ದ ಹಳೆಯ ಮನೆಗಳನ್ನು ಕಂಬಕಂಬವಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದೂ ಅಸಾಮಾನ್ಯ ಸಾಹಸವೇ. ಆದರೆ ಮನೆಯನ್ನು ತರಬಹುದು, ಮನೆಯ ಮುಂದಿನ ಗದ್ದೆಯನ್ನು ತರಲಾಗದು. ಈ ಎರಡರಲ್ಲಿ ಆಯ್ಕೆಯಿದ್ದರೆ ಕುಪ್ಪಳಿಯ ದಾರಿಯೇ ಮೇಲು. ಕೆಡವುವುದು ನಿಶ್ಚಿತವಾದಲ್ಲಿ ಮಣಿಪಾಲದ ದಾರಿ.

ವಸ್ತುವಿನ ವಿವರ ಕಳೆದರೆ ಏನು ಕಳೆಯುತ್ತದೆಂಬುದನ್ನು ತಿಳಿಯಲು ಮಲೆನಾಡಿನವರೆಲ್ಲ ಬಲ್ಲ ಒಂದು ಸಣ್ಣ ವಸ್ತುವನ್ನು ನೋಡಬಹುದು: ಅಡಕೆಯ ಕೊನೆಗೆ ಕಟ್ಟುತ್ತಿದ್ದ ಕೊಟ್ಟೆ. ಹಾಳೆಯಿಂದಲೋ ಕರಡದ ಹುಲ್ಲಿನಿಂದಲೋ ಮಾಡಿದ ಈ ಹೊದಿಕೆಯನ್ನು ಮುಂಗಾರಿಗೆ ಮುನ್ನ ಮರ ಏರಿ, ಕೊನೆಕೊನೆಗೂ ಕಟ್ಟಿ ಬರಬೇಕಿತ್ತು. ಎಡೆಬಿಡದ ಮಳೆಯಲ್ಲಿ ಎಳೆಯ ಅಡಕೆ ಕೊಳೆತು ಉದುರುವ ಕೊಳೆರೋಗಕ್ಕೆ ಅಂದಿನ ಪರಿಹಾರ ಅದೊಂದೇ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ವಿವರವಾದ ಪ್ರಬಂಧ ಪ್ರಕಟಿಸಿದರು. ರೋಗಕಾರಕ ಶಿಲೀಂಧ್ರವನ್ನು ಗುರುತಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಕೊನೆಗಳಿಗೆ ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದರು. ಇಂದಿಗೂ ಜೂನ್ ಹತ್ತಿರವಾದಂತೆ ಮಲೆನಾಡಿನ ಅಂಗಳಗಳಲ್ಲಿ ನೀಲಿ ಕಲೆಯ ಡ್ರಮ್ಮುಗಳು ಕಾಣಿಸಿಕೊಳ್ಳುವುದು ಆ ಕಾಲದಿಂದ ಬಂದ ವಾಡಿಕೆ. ಕಾಫಿಗೆ ಬರುವ ಕಪ್ಪು ಕೊಳೆತದ ಶಿಲೀಂಧ್ರಕ್ಕೆ ವಿಜ್ಞಾನಿಗಳು ಇಟ್ಟ ಲ್ಯಾಟಿನ್ ಹೆಸರಿನಲ್ಲಿಯೂ ‘ಕೊಳೆರೋಗ’ ಎಂಬ ಕನ್ನಡ ಪದವೇ ಸೇರಿಹೋಗಿದೆ.

ಒಂದು ಕೊಟ್ಟೆಯನ್ನು ಸಂಗ್ರಹಾಲಯದಲ್ಲಿ ‘ಹುಲ್ಲಿನ ಬುಟ್ಟಿ’ ಎಂಬ ಚೀಟಿಯೊಡನೆ ಇಟ್ಟರೆ ಈ ಯಾವ ಸಂಗತಿಯೂ ಅದರಲ್ಲಿರುವುದಿಲ್ಲ. ಮಳೆಯ ಲಯ, ರೋಗದ ಭೀತಿ, ಮರ ಏರುವವರ ಕೂಲಿ, ಕರಡದ ಹುಲ್ಲು ಕೊಯ್ಯುತ್ತಿದ್ದ ಬ್ಯಾಣ, ರಾಸಾಯನಿಕ ಸಿಂಪಡಣೆಗೆ ಮೊದಲಿನ ಒಂದು ಯುಗ ಎಲ್ಲವೂ ಆ ಎರಡು ಪದಗಳ ಚೀಟಿಯಲ್ಲಿ ಅಳಿಸಿಹೋಗುತ್ತದೆ. ನಾಟಿಯ ಹೆಂಗಸರು ಬೆನ್ನಿಗೆ ಹೊದೆಯುತ್ತಿದ್ದ ಗೊರಬು, ಕೆಸರು ಸಮ ಮಾಡುವ ನಳ್ಳಿ, ಊರಿಂದೂರಿಗೆ ಅಳತೆ ಬದಲಾಗುತ್ತಿದ್ದ ಕೊಳಗ ಇವುಗಳಿಗೂ ಅದೇ ಗತಿ.

ವಿವರ ಮಾತ್ರವಲ್ಲ, ವಸ್ತುಗಳೂ ಶಾಶ್ವತವಲ್ಲ. ಸಿದ್ಧಾರ್ಥನಗರದ ಸಂಗ್ರಹಾಲಯಕ್ಕೆ ಮಾತೃಸಂಸ್ಥೆಯಾಗಿದ್ದ ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ 1978ರ ಪರಿಸರ ದಿನದಂದು ತೆರೆದಿತ್ತು. 2016ರ ಏಪ್ರಿಲ್ 26ರ ಬೆಳಗಿನ ಜಾವದ ಬೆಂಕಿಯಲ್ಲಿ ಸುಟ್ಟುಹೋಯಿತು. ಎರಡು ವರ್ಷಗಳ ನಂತರ, 2018ರ ಸೆಪ್ಟೆಂಬರಿನಲ್ಲಿ ಬ್ರೆಜಿಲಿನ ರಾಷ್ಟ್ರೀಯ ಸಂಗ್ರಹಾಲಯ ಉರಿದಾಗ ಅಲ್ಲಿಯ ಮೂಲನಿವಾಸಿಗಳ ಭಾಷೆಗಳ ಧ್ವನಿಮುದ್ರಿಕೆಗಳೂ ಬೂದಿಯಾದವು. ಅವುಗಳಲ್ಲಿ ಕೆಲವು ಭಾಷೆಗಳನ್ನು ಆಡುವವರು ಆಗಲೇ ಉಳಿದಿರಲಿಲ್ಲ. ಎಲ್ಲವನ್ನೂ ಒಂದೇ ದೊಡ್ಡ ಕಟ್ಟಡಕ್ಕೆ ಒಪ್ಪಿಸಿ ನಿಶ್ಚಿಂತರಾಗುವುದರ ಅಪಾಯವನ್ನು ಈ ಎರಡು ಬೆಂಕಿಗಳು ತೋರಿಸಿವೆ.

ಕೆಲವು ವಸ್ತುಗಳಂತೂ ಗಾಜಿನೊಳಗೆ ಇಟ್ಟ ದಿನದಿಂದಲೇ ಸಾಯತೊಡಗುತ್ತವೆ. ಬೀಜ ಅಂಥದು. ಸಾಧಾರಣ ಡಬ್ಬಿಯಲ್ಲಿಟ್ಟ ಭತ್ತ ಮಲೆನಾಡಿನ ಥಂಡಿಯಲ್ಲಿ ಒಂದೆರಡು ವರ್ಷಕ್ಕೇ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನ ಶೈತ್ಯಾಗಾರದಲ್ಲಿ ಅದು ದಶಕಗಳ ಕಾಲ ಬದುಕಬಹುದು, ಆದರೆ ಅಲ್ಲಿಯ ಬೀಜಕ್ಕೆ ಸೊರಬದ ನೆರೆಯ ಪರಿಚಯವಿರುವುದಿಲ್ಲ. ವರದೆಯ ದಂಡೆಯ ಸೊರಬ, ಬನವಾಸಿ ಸೀಮೆಯಲ್ಲಿ ದಿನಗಟ್ಟಲೆ ನೀರು ನಿಂತರೂ ತಾಳಿಕೊಂಡ ನೆರೆಗುಳಿ, ಕರಿಜಡ್ಡು ತಳಿಗಳು ರೂಪುಗೊಂಡದ್ದು ಬಿತ್ತಿ ಬಿತ್ತಿ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ರೈತರೊಬ್ಬರು ನೂರಾರು ದೇಸಿ ಭತ್ತದ ತಳಿಗಳನ್ನು ವರ್ಷವರ್ಷವೂ ಬೆಳೆದು ಉಳಿಸುತ್ತಿರುವುದು ಈ ದೃಷ್ಟಿಯಿಂದ ಗಮನಾರ್ಹ. ಅಲ್ಲಿಯ ಪ್ರದರ್ಶನವನ್ನು ಪ್ರತಿ ಮುಂಗಾರಿನಲ್ಲಿ ಹೊಸದಾಗಿ ನಾಟಿ ಮಾಡಬೇಕು, ಪ್ರತಿ ಸುಗ್ಗಿಯಲ್ಲಿ ಕೊಯ್ಯಬೇಕು. ಸೋಮನಾಥಪುರದ ಕೇಶವ ದೇಗುಲವನ್ನು ನೋಡಲು ಬನ್ನೂರಿನ ದಾರಿ ಹಿಡಿದವರು ಇನ್ನಷ್ಟು ದೂರ ಮುಂದುವರಿದು ಆ ಗದ್ದೆಗಳನ್ನೂ ನೋಡಬಹುದು. ತೆನೆಕಟ್ಟುವ ಕಾಲವಾದರೆ ಒಂದೊಂದು ತಾಕಿನ ಬಣ್ಣವೂ ಒಂದೊಂದು.

ಸೋಮನಾಥಪುರ ಎನ್ನುವಾಗ ಒಂದು ವಿಚಿತ್ರ ನೆನಪಾಗುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನಾಡೆಲ್ಲ ಸಂಭ್ರಮಿಸಿತು. 2012ರಲ್ಲಿ ಪಶ್ಚಿಮಘಟ್ಟದ 39 ತಾಣಗಳು, ಅವುಗಳಲ್ಲಿ ಕುದುರೆಮುಖ, ಆಗುಂಬೆ, ತಲಕಾವೇರಿ ಮುಂತಾದ ಕರ್ನಾಟಕದ 10 ತಾಣಗಳು, ಅದೇ ಪಟ್ಟಿಗೆ ಸೇರಿದಾಗ ಮಲೆನಾಡಿನಲ್ಲಿ ಭೀತಿ ಹರಡಿತು; ರಾಜ್ಯ ಸರ್ಕಾರವೂ ವಿರೋಧಿಸಿತ್ತು. ಕಾರಣ ಸರಳ. ಹೊಯ್ಸಳ ದೇಗುಲದ ಕಲ್ಲಿನ ಮೇಲೆ ಯಾರ ಜೀವನವೂ ಈಗ ನಿಂತಿಲ್ಲ. ಕಾಡಿನ ಅಂಚಿನಲ್ಲಿ ಸೊಪ್ಪು, ದರಗು, ಸೌದೆ, ಮೇವುಗಳ ಮೇಲೆ ಇಂದಿಗೂ ನಿಂತಿದೆ. ಜನರ ಭಯವನ್ನು ಅಜ್ಞಾನವೆಂದು ತಳ್ಳಿಹಾಕಿದ ಪರಿಸರವಾದಿಗಳೂ, ಭಯಕ್ಕೆ ಗಾಳಿ ಹಾಕಿದ ರಾಜಕಾರಣಿಗಳೂ ಒಂದೇ ತಪ್ಪನ್ನು ಮಾಡಿದರು: ಕಾಡನ್ನು ಮನುಷ್ಯರಿಲ್ಲದ ಗಾಜಿನ ಪೆಟ್ಟಿಗೆಯೆಂದು ತಿಳಿದರು.

ಹಾಗಲ್ಲದೆಯೂ ಪರಂಪರೆಯನ್ನು ಗುರುತಿಸಬಹುದು. 2002ರ ಜೀವವೈವಿಧ್ಯ ಕಾಯಿದೆಯಡಿ ಸಾಗರ ತಾಲ್ಲೂಕಿನ ಅಂಬಾರಗುಡ್ಡ, ಚಿಕ್ಕಮಗಳೂರಿನ ಹೊಗ್ರೆಕಾನು, ದೇವನಹಳ್ಳಿಯ ನಲ್ಲೂರು ಹುಣಸೆ ತೋಪು ‘ಜೀವವೈವಿಧ್ಯ ಪಾರಂಪರಿಕ ತಾಣ’ಗಳೆಂದು ಘೋಷಿತವಾದವು. ಇವುಗಳಲ್ಲಿ ನಲ್ಲೂರು 2007ರಲ್ಲಿಯೇ ದೇಶದಲ್ಲಿ ಮೊದಲನೆಯದಾಯಿತು. ಅಂಬಾರಗುಡ್ಡದಲ್ಲಿ ಗಣಿಗಾರಿಕೆಯ ವಿರುದ್ಧ ನಿಂತವರು ಸುತ್ತಲಿನ ಊರಿನವರೇ. ಕೊಡಗಿನ ಸಂಗತಿಯೂ ಇಂಥದೇ. ಮಡಿಕೇರಿಯ ಕೋಟೆಯೊಳಗಿನ ಹಳೆಯ ಸೇಂಟ್ ಮಾರ್ಕ್ಸ್ ಇಗರ್ಜಿಯ ಕಟ್ಟಡದಲ್ಲಿ ಸರ್ಕಾರಿ ಸಂಗ್ರಹಾಲಯವಿದೆ. ಶಿಲ್ಪ, ಆಯುಧಗಳನ್ನು ಒಂದು ಗಂಟೆಯಲ್ಲಿ ನೋಡಿ ಮುಗಿಸಬಹುದು. ಕೋಟೆಯಾಚೆ, ಜಿಲ್ಲೆಯುದ್ದಕ್ಕೂ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಊರಿನ ಕಟ್ಟುಪಾಡೇ ಅವುಗಳ ಕಾವಲು. ಕಟ್ಟುಪಾಡು ಸಡಿಲವಾದಲ್ಲಿ ಕಾಫಿ ಒಳಗೆ ನುಗ್ಗಿ, ಇಪ್ಪತ್ತನೆಯ ಶತಮಾನದಲ್ಲಿ ಅವುಗಳ ಒಟ್ಟು ವಿಸ್ತೀರ್ಣ ಅರ್ಧಕ್ಕಿಂತ ಕೆಳಗೆ ಇಳಿಯಿತು.

ಈಗ ಮಲೆನಾಡಿನ ಅಟ್ಟಗಳ ವಿಷಯ. ಹೆಂಚಿನ ಮನೆಗಳು ಇಳಿದು ತಾರಸಿಯ ಮನೆಗಳು ಏಳುತ್ತಿವೆ. ಅಟ್ಟ, ಪಣತ, ನಾಗಂದಿಗೆಗಳು ಖಾಲಿಯಾಗುವಾಗ ಕಬ್ಬಿಣದ ಸಾಮಾನು ಗುಜರಿಗೆ, ಮರದ ಸಾಮಾನು ಬಚ್ಚಲ ಒಲೆಗೆ, ಚೆಂದದ ಕಂಬ ಬಾಗಿಲುಗಳು ರೆಸಾರ್ಟಿಗೆ ಹೋಗುತ್ತವೆ. ಹೋಮ್‌ಸ್ಟೇ ಜಗಲಿಗಳಲ್ಲಿ ನೇಗಿಲಿಗೆ ವಾರ್ನಿಷ್ ಬಳಿದು ತೂಗುಹಾಕಿದ ದೃಶ್ಯ ಎಲ್ಲೆಡೆ ಕಾಣುತ್ತದೆ. ಯಾವ ಊರಿನ ನೇಗಿಲು, ಯಾವ ಮರದ್ದು, ಕೆಸರಿನದೋ ಒಣಹೊಲದ್ದೋ, ಕೇಳಿದರೆ ಮಾಲೀಕರಿಗೂ ತಿಳಿಯದು. ಇದನ್ನು ಕಂಡು ಮಲೆನಾಡಿಗೇ ಒಂದು ದೊಡ್ಡ ಸಂಗ್ರಹಾಲಯ ಬೇಕೆಂಬ ಬೇಡಿಕೆ ಸಭೆಸಭೆಗಳಲ್ಲಿ ಕೇಳಿಬರುತ್ತದೆ. ಕಟ್ಟಡಕ್ಕೆ ಅನುದಾನ ಸಿಗಬಹುದು. ವರ್ಷ ಕಳೆದ ಮೇಲೆ ಸೋರುವ ಸೂರಿಗೆ, ಗೆದ್ದಲಿಗೆ, ಕಾವಲುಗಾರನ ಸಂಬಳಕ್ಕೆ ಅನುದಾನ ಸಿಗುವುದು ಕಷ್ಟ. ನೂರೈವತ್ತು ಇಂಚು ಮಳೆ ಬೀಳುವ ಊರಿನಲ್ಲಿ ಬಿದಿರಿನ ವಸ್ತುವಿನ ಆಯುಷ್ಯ ಎಷ್ಟೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ಅದಕ್ಕಿಂತ ಮೊದಲು ಆಗಬೇಕಾದದ್ದು ಬರವಣಿಗೆ. ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ಎಷ್ಟೋ ಕಡೆ ಅದು ಗಡುವಿಗಾಗಿ ತುಂಬಿದ ಕಡತ. ಪಕ್ಕದ ಪಂಚಾಯಿತಿಯ ಮರಗಳೇ ಈ ಪಂಚಾಯಿತಿಯ ಪಟ್ಟಿಯಲ್ಲಿಯೂ ಇರುತ್ತವೆ. ಆ ಕಡತವನ್ನೇ ತೆರೆದು, ತಳಿಗಳ ಪುಟದ ಎದುರು ಪುಟದಲ್ಲಿ ಆ ತಳಿಗೆ ಬಳಸಿದ ಸಲಕರಣೆ, ಅಳತೆ, ಕಣಜಗಳನ್ನು ಬರೆಯಲು ಕಾನೂನು ಅಡ್ಡಿಯಾಗುವುದಿಲ್ಲ. ವಸ್ತುವಿನ ಹೆಸರು ಆ ಊರಿನ ಉಚ್ಚಾರದಲ್ಲಿ, ಮಾಡಿದವರ ಕಸುಬು, ಯಾವ ಮರ ಅಥವಾ ಹುಲ್ಲು, ಅದು ಯಾವ ಬೆಟ್ಟದಿಂದ ಬರುತ್ತಿತ್ತು, ಯಾವ ಮಳೆಯ ನಕ್ಷತ್ರದಲ್ಲಿ ಬಳಕೆ, ಯಾವ ವರ್ಷದ ಆಸುಪಾಸಿನಲ್ಲಿ ಬಳಕೆ ನಿಂತಿತು, ಅದರ ಜಾಗಕ್ಕೆ ಏನು ಬಂತು. ಇಷ್ಟು ವಿವರಗಳೊಡನೆ ವಸ್ತು ಅಟ್ಟದಲ್ಲಿಯೇ ಉಳಿದರೂ ಅಡ್ಡಿಯಿಲ್ಲ. ಗೆದ್ದಲು ತಿಂದರೂ ಅದರ ಮಾತು ಉಳಿದಿರುತ್ತದೆ. ಬುಕಾನನ್ನನ ಪುಸ್ತಕದಲ್ಲಿರುವ ನೇಗಿಲುಗಳು ಎಂದೋ ಮಣ್ಣಾಗಿವೆ, ಅವುಗಳ ಚಿತ್ರ ಮತ್ತು ವಿವರದಿಂದ ಇಂದಿಗೂ ಕಲಿಯಬಹುದಾಗಿದೆ.

ಶಾಲೆಗಳ ಪ್ರವಾಸಕ್ಕೂ ಇದೇ ನಮೂನೆ ಸಾಕು. ಸಿದ್ಧಾರ್ಥನಗರಕ್ಕೆ ಬರುವ ಮಕ್ಕಳು ತಮ್ಮೂರಿನ ಒಂದು ವಸ್ತುವಿನ ವಿವರವನ್ನು ಬರೆದುಕೊಂಡು ಬಂದರೆ, ಗಾಜಿನಾಚೆಯ ಮರದ ಮಾದರಿಯ ಮುಂದೆ ನಿಂತಾಗ ಅದರ ಎಲೆ, ತೊಗಟೆ, ನಾರುಗಳು ಊರಿನಲ್ಲಿ ಏನಾಗುತ್ತಿದ್ದವೆಂಬುದು ಅವರಿಗೆ ನೆನಪಾಗುತ್ತದೆ. ಜಾನಪದ ಸಂಗ್ರಹದ ಮುಂದೆ ನಿಂತಾಗ ಆ ಮರ ನೆನಪಾಗುತ್ತದೆ. ಪ್ರವಾಸದ ದಿನಗಳು ಸಾಮಾನ್ಯವಾಗಿ ಡಿಸೆಂಬರ್, ಜನವರಿ. ಅಡಕೆ ಕೊಯಿಲಿನ ಕಾಲವಾದ್ದರಿಂದ ಆಗ ಹಿರಿಯರಿಗೆ ಪುರಸೊತ್ತಿರುವುದಿಲ್ಲ. ಹೀಗಾಗಿ ವಿವರ ಬರೆಯುವ ಕೆಲಸವನ್ನು ಹಿಂದಿನ ಬೇಸಗೆ ರಜೆಯಲ್ಲಿಯೇ ಮುಗಿಸಬೇಕು. ಮಳೆಗಾಲದ ಸೌದೆ ಒಳಗಿಡಲು ಏಪ್ರಿಲ್, ಮೇ ತಿಂಗಳಲ್ಲಿ ಹೇಗೂ ಅಟ್ಟದ ಸಾಮಾನು ಕೆಳಗಿಳಿಯುತ್ತದೆ. ಅಂಗಳದಲ್ಲಿ ಹರಡಿದ ಆ ರಾಶಿಯ ಪಕ್ಕದಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಕೂರಿಸಿ, ನೋಟುಪುಸ್ತಕ ತೆರೆದುಕೊಂಡು, ಗುಜರಿಯ ಗಾಡಿ ಬರುವ ಮೊದಲು ಒಂದೊಂದನ್ನೇ ಎತ್ತಿ ಕೇಳುತ್ತ ಹೋಗಬಹುದು.